ಕಂಪನಿ ಉಳಿಸುವ ಮುಂಚೆ ಪಟ್ಟಿ ತೋರಿಸಿ

ಮಾನ್ಯ ಸಂಪಾದಕರೇ,

ಮುಳುಗುತ್ತಿರುವ ಖಾಸಗಿ ಕಂಪನಿಗಳನ್ನು ಸರ್ಕಾರ ಉಳಿಸಬೇಕೇ ಬೇಡವೇ ಅಂತ ನಿಮ್ಮ ಪತ್ರ ವಿಭಾಗದಲ್ಲಿ ವಾದ ನಡೆದಿದೆ. ‘ಲಾಭ ಬಂದಾಗ ನಮ್ಮನ್ನು ಕರೆದಿದ್ದರಾ? ಮುಳುಗಲಿ ಬಿಡಿ’ ಅಂತ ಒಬ್ಬರು ಬರೆದಿದ್ದಾರೆ. ‘ಸಾವಿರಾರು ಜನರ ಅನ್ನದ ಪ್ರಶ್ನೆ, ಸರ್ಕಾರ ಕೈ ಹಿಡಿಯಲೇಬೇಕು’ ಅಂತ ಇನ್ನೊಬ್ಬರು. ಎರಡೂ ಪತ್ರ ಓದಿದೆ, ಎರಡಕ್ಕೂ ತಲೆಯಾಡಿಸಿದೆ. ಆಮೇಲೆ ಅನ್ನಿಸಿತು, ಇಬ್ಬರೂ ‘ಕಂಪನಿ’ ಅನ್ನುವುದನ್ನು ಒಬ್ಬ ಮನುಷ್ಯನ ಹಾಗೆ ನೋಡುತ್ತಿದ್ದಾರೆ. ಅವನು ನೀರಿಗೆ ಬಿದ್ದಿದ್ದಾನೆ, ಹಗ್ಗ ಎಸೆಯಬೇಕೋ ಬೇಡವೋ, ಅಷ್ಟೇ ಪ್ರಶ್ನೆ ಅನ್ನುವ ಹಾಗೆ.

ನಾನು ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ 26 ವರ್ಷ ಕೆಲಸ ಮಾಡಿದವನು. ಹೆಸರು ಬೇಡ. ಯಂತ್ರದ ಬಿಡಿಭಾಗ ಮಾಡುತ್ತಿದ್ದ ಕಂಪನಿ, ಈಗ ಇಲ್ಲ. ಅದಕ್ಕೂ ಒಮ್ಮೆ ಸರ್ಕಾರದ ಹಗ್ಗ ಬಂದಿತ್ತು. ಆ ಹಗ್ಗದ ಇನ್ನೊಂದು ತುದಿ ಯಾರ ಕೈಗೆ ಹೋಯಿತು ಅಂತ ಕಣ್ಣಾರೆ ಕಂಡಿದ್ದೇನೆ. ಕಂಡಿದ್ದೇನೆ ಅಂದರೆ, ವೋಚರ್ ಬರೆದವನೇ ನಾನು. ಅದನ್ನು ಹೇಳಲು ಈ ಪತ್ರ. ಉದ್ದ ಆದರೆ ಕತ್ತರಿಸಿಕೊಳ್ಳಿ.

ಕಂಪನಿ ಸಾಯುವುದು ಒಂದೇ ದಿನದಲ್ಲಿ ಅಲ್ಲ. ಹೊರಗಿನವರಿಗೆ ಗೇಟಿಗೆ ಬೀಗ ಬಿದ್ದ ದಿನ ಗೊತ್ತಾಗುತ್ತದೆ. ಅಕೌಂಟ್ಸ್‌ನವರಿಗೆ ಎರಡು ಮೂರು ವರ್ಷ ಮೊದಲೇ ಗೊತ್ತಿರುತ್ತದೆ. ಮೊದಲು ಸಪ್ಲೈಯರ್‌ಗಳಿಗೆ 30 ದಿನಕ್ಕೆ ಕೊಡುತ್ತಿದ್ದ ಹಣ 60 ದಿನಕ್ಕೆ ಹೋಗುತ್ತದೆ, ಆಮೇಲೆ 90. ‘ಸಹಿ ಮಾಡೋ ಸಾಹೇಬರು ಊರಲ್ಲಿಲ್ಲ’ ಅನ್ನುವ ಮಾತು ವಾರಕ್ಕೊಮ್ಮೆ ಇದ್ದದ್ದು ದಿನಾ ಶುರುವಾಗುತ್ತದೆ. ಚೆಕ್ ಬರೆದು ಡ್ರಾಯರ್‌ನಲ್ಲಿ ಇಟ್ಟುಕೊಳ್ಳುವುದು ಇನ್ನೊಂದು ಲಕ್ಷಣ. ಪುಸ್ತಕದಲ್ಲಿ ಕೊಟ್ಟ ಹಾಗೆ ಇರುತ್ತದೆ, ಚೆಕ್ ಮಾತ್ರ ನನ್ನ ಡ್ರಾಯರ್‌ನಲ್ಲಿ ಇರುತ್ತದೆ. ಕೊನೆಯ ವರ್ಷಗಳಲ್ಲಿ ನನ್ನ ಡ್ರಾಯರ್ ತೆಗೆಯಲು ಮುಚ್ಚಲು ಕಷ್ಟವಾಗುತ್ತಿತ್ತು.

ಪ್ರತಿ ಸೋಮವಾರ ಬೆಳಗ್ಗೆ ಒಂದು ಪಟ್ಟಿ ಮಾಡುವುದು ನನ್ನ ಕೆಲಸ. ಯಾರಿಗೆ ಎಷ್ಟು ಬಾಕಿ, ಎಷ್ಟು ದಿನದಿಂದ ಬಾಕಿ, ಈ ವಾರ ಯಾರಿಗೆ ಚೆಕ್, ಯಾರಿಗೆ ಬರೀ ಸಮಾಧಾನ. ಅದನ್ನು ನಾವು ‘ಪಟ್ಟಿ’ ಅಂತಲೇ ಕರೆಯುತ್ತಿದ್ದೆವು. ಪ್ಯಾಕಿಂಗ್ ಪೆಟ್ಟಿಗೆ ಮಾಡಿಕೊಡುವ ಒಬ್ಬರು ಇದ್ದರು. ಮೂರು ನಾಲ್ಕು ಜನರನ್ನು ಇಟ್ಟುಕೊಂಡು ನಡೆಸುವ ಸಣ್ಣ ವರ್ಕ್‌ಶಾಪ್. ಸೋಮವಾರ ಹನ್ನೊಂದು ಗಂಟೆಗೆ ಬಂದು ನಮ್ಮ ರೂಮಿನ ಹೊರಗಿನ ಬೆಂಚಿನ ಮೇಲೆ ಕೂರುವರು. ಜೋರು ಮಾತಿಲ್ಲ, ಜಗಳ ಇಲ್ಲ. ನಾನು ಹೊರಗೆ ಬಂದರೆ ಎದ್ದು ನಿಂತು ಒಂದೇ ಪ್ರಶ್ನೆ: ‘ಸಾರ್, ನಂದು ಎಷ್ಟನೇ ನಂಬರ್?’ ಅವರದ್ದು 41.

ಸರ್ಕಾರ ನಮ್ಮ ಕಂಪನಿಗೆ ಖಾತರಿ ನಿಂತು ಬ್ಯಾಂಕಿನಿಂದ ಸಾಲ ಕೊಡಿಸಿತು. ಪೇಪರ್‌ನಲ್ಲಿ ‘ಕಾರ್ಮಿಕರಿಗೆ ನೆಮ್ಮದಿ’ ಅಂತ ಬಂತು. ಗೇಟಿನ ಹತ್ತಿರ ಪಟಾಕಿ ಹೊಡೆದರು. ನಾನೂ ಖುಷಿಪಟ್ಟೆ, ಸುಳ್ಳು ಹೇಳಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಹಣ ಖಾತೆಗೆ ಬಿತ್ತು. ಐದು ಗಂಟೆಗೆ ಫೈನಾನ್ಸ್ ಸಾಹೇಬರು ನನ್ನ ಪಟ್ಟಿಯನ್ನು ವಾಪಸ್ ಕಳಿಸಿದರು, ಮೇಲ್ಗಡೆ ಪೆನ್ನಿನಲ್ಲಿ ಮೂರು ಹೆಸರು ಸೇರಿಸಿದ್ದರು.

ಮೊದಲನೆಯದು ಸಾಲ ಕೊಟ್ಟ ಅದೇ ಬ್ಯಾಂಕು. ಹಳೇ ಸಾಲದ ಬಡ್ಡಿ ಬಾಕಿ ಇತ್ತಲ್ಲ, ಅದು. ಅಂದರೆ ಹಣ ಬ್ಯಾಂಕಿನ ಕಟ್ಟಡ ಬಿಟ್ಟು ಹೊರಗೇ ಬರಲಿಲ್ಲ. ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಹೋಯಿತು ಅಷ್ಟೇ. ಬಂದದ್ದರಲ್ಲಿ ಅರ್ಧದ ಹತ್ತಿರ ಅದಕ್ಕೇ ಸರಿಹೋಯಿತು. ಎರಡನೆಯದು ನಮ್ಮ ಮಾಲೀಕರದ್ದೇ ಇನ್ನೊಂದು ಕಂಪನಿ. ಅದು ನಮಗೆ ಯಾವಾಗಲೋ ಕೈಸಾಲ ಕೊಟ್ಟಿತ್ತಂತೆ. ಲೆಡ್ಜರ್‌ನಲ್ಲಿ ಇತ್ತು, ಸುಳ್ಳಲ್ಲ. ಆದರೆ ಮುಳುಗುವ ಹಡಗಿನಿಂದ ಮೊದಲು ಇಳಿದವರು ಕ್ಯಾಪ್ಟನ್ ಮನೆಯವರು. ಮೂರನೆಯದು, ಸರ್ಕಾರಕ್ಕೆ ಕೊಡಲು ‘ಪುನಶ್ಚೇತನ ಯೋಜನೆ’ ಬರೆದುಕೊಟ್ಟ ಸಲಹೆಗಾರರ ಫೀಸು. ಆಮೇಲೆ ಕಚ್ಚಾಮಾಲು ಕೊಡುವ ಎರಡು ದೊಡ್ಡ ಕಂಪನಿಗಳು. ಅವರಿಗೆ ಕೊಡದಿದ್ದರೆ ಮಾರನೇ ದಿನ ಯಂತ್ರ ನಿಲ್ಲುತ್ತಿತ್ತು, ಅದು ಸರಿ. ಆಮೇಲೆ ಎರಡು ತಿಂಗಳ ಬಾಕಿ ಸಂಬಳ, ಅದೂ ಕಾಯಂ ನೌಕರರಿಗೆ ಮಾತ್ರ. ಗುತ್ತಿಗೆಯವರ ಹೆಸರು ನಮ್ಮ ಪುಸ್ತಕದಲ್ಲೇ ಇರಲಿಲ್ಲ, ಅವರು ಗುತ್ತಿಗೆದಾರನ ಪುಸ್ತಕದವರು. ಅಲ್ಲಿಗೆ ದುಡ್ಡು ಮುಗಿಯಿತು.

ಪೆಟ್ಟಿಗೆಯವರು ಸೋಮವಾರ ಬಂದರು. ಮುಖ ಅರಳಿತ್ತು. ‘ಪೇಪರ್‌ನಲ್ಲಿ ಓದಿದೆ ಸಾರ್, ದುಡ್ಡು ಬಂತಂತೆ’ ಅಂದರು. ಮೇಲೆ ಮೂರು ಹೆಸರು ಸೇರಿದ್ದರಿಂದ ಅವರ ನಂಬರ್ 44 ಆಗಿತ್ತು. ನಾನು ಅದನ್ನು ಹೇಳಲಿಲ್ಲ. ಸಾಹೇಬರು ಊರಲ್ಲಿಲ್ಲ ಅಂದೆ.

ಹದಿನಾಲ್ಕು ತಿಂಗಳಿಗೆ ಕಂಪನಿ ಮುಚ್ಚಿತು. ಖಾತರಿ ನಿಂತಿದ್ದು ಸರ್ಕಾರ ಅಲ್ವಾ, ಸಾಲ ಅದರ ತಲೆಗೇ ಬಂತು. ಹದಿನಾಲ್ಕು ತಿಂಗಳು ನಾನೂ ಸಂಬಳ ಎಣಿಸಿದ್ದೇನೆ, ಹಾಗಾಗಿ ನಾನೇನು ಪೂರ್ತಿ ಸಾಕ್ಷಿಗಾರ ಅಲ್ಲ, ಸ್ವಲ್ಪ ಫಲಾನುಭವಿಯೂ ಹೌದು. ಆದರೆ ಬ್ಯಾಂಕಿನ ಬಡ್ಡಿ ಬಾಕಿ ನೋಡಿದರೆ, ಮಾಲೀಕರ ಕೈಸಾಲ ನೋಡಿದರೆ, ಆ ಸಹಾಯಕ್ಕೆ ನಮ್ಮ ಹೆಸರು ಇಟ್ಟಿದ್ದೇ ಮೋಸ ಅನ್ನಿಸುತ್ತದೆ. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ.

ನಿವೃತ್ತಿ ಆದಮೇಲೆ ಕೆಲಸ ಇಲ್ಲದವನಿಗೆ ಒಂದು ಗೀಳು ಹಿಡಿಯಿತು. ಎಲ್ಲೆಲ್ಲಿ ಸರ್ಕಾರ ಕಂಪನಿ ಉಳಿಸಿದೆಯೋ ಅಲ್ಲೆಲ್ಲ ಪಟ್ಟಿ ಹೇಗಿತ್ತು ಅಂತ ಹುಡುಕಿ ಓದುವುದು. ಮಗಳು ‘ಅಪ್ಪಾ, ಬಿಟ್ಟಾಕಿ’ ಅನ್ನುತ್ತಾಳೆ. ಬಿಡಲು ಆಗಲಿಲ್ಲ.

ಅಮೆರಿಕದಲ್ಲಿ 1979ರ ಹೊತ್ತಿಗೆ ಕ್ರೈಸ್ಲರ್ ಕಾರು ಕಂಪನಿ ದಿವಾಳಿಯ ಅಂಚಿಗೆ ಬಂತು. ಸರ್ಕಾರ 150 ಕೋಟಿ ಡಾಲರ್ ಸಾಲಕ್ಕೆ ಖಾತರಿ ನಿಲ್ಲಲು ಒಪ್ಪಿತು. ಅಧ್ಯಕ್ಷ ಜಿಮ್ಮಿ ಕಾರ್ಟರ್ 1980ರ ಜನವರಿಯಲ್ಲಿ ಕಾನೂನಿಗೆ ಸಹಿ ಹಾಕಿದರು. ಇಲ್ಲಿಯವರೆಗೆ ನಮ್ಮ ಕಥೆಯೇ. ಆದರೆ ಅಲ್ಲಿ ಕಾನೂನೇ ಹೇಳಿತ್ತು: ಸರ್ಕಾರದ ಖಾತರಿ ಬೇಕಾದರೆ ಮೊದಲು ಉಳಿದವರೆಲ್ಲ ಕೈ ಬಿಚ್ಚಬೇಕು. ಸಾಲ ಕೊಟ್ಟ ಬ್ಯಾಂಕುಗಳು ತಮಗೆ ಬರಬೇಕಾದದ್ದರಲ್ಲಿ ಸ್ವಲ್ಪ ಬಿಟ್ಟುಕೊಡಬೇಕು, ಕಾರ್ಮಿಕ ಸಂಘ ಸಂಬಳ ಇಳಿಸಿಕೊಳ್ಳಬೇಕು, ಸಪ್ಲೈಯರ್‌ಗಳೂ ಹೆಗಲು ಕೊಡಬೇಕು. ಸಾಲ ಕೊಟ್ಟ ಬ್ಯಾಂಕುಗಳೇ ಸುಮಾರು 400 ಇದ್ದವು, ಅವರನ್ನೆಲ್ಲ ಒಪ್ಪಿಸುವಷ್ಟರಲ್ಲಿ ಕಂಪನಿಯವರಿಗೆ ಸಾಕುಸಾಕಾಯಿತು. ಮುಖ್ಯಸ್ಥ ಲೀ ಐಯಕೋಕ ವರ್ಷಕ್ಕೆ ಒಂದು ಡಾಲರ್ ಸಂಬಳಕ್ಕೆ ಇಳಿದರು. ಕಾರ್ಮಿಕ ಸಂಘದ ಅಧ್ಯಕ್ಷರು ಕಂಪನಿಯ ಆಡಳಿತ ಮಂಡಳಿಯಲ್ಲಿ ಕೂತರು.

ನನಗೆ ಜಾಸ್ತಿ ಇಷ್ಟವಾಗುವುದು ಅದರ ಕೊನೆ. ಸರ್ಕಾರ ಖಾತರಿ ನಿಂತದ್ದಕ್ಕೆ ಪ್ರತಿಯಾಗಿ, ಮುಂದೆ ಕಡಿಮೆ ಬೆಲೆಗೆ ಷೇರು ಕೊಳ್ಳುವ ಹಕ್ಕು ಬರೆಸಿಕೊಂಡಿತ್ತು. 1983ರಲ್ಲಿ ಕಂಪನಿ ಏಳು ವರ್ಷ ಮುಂಚೆಯೇ ಸಾಲ ತೀರಿಸಿತು. ಷೇರಿನ ಬೆಲೆ ಏರಿತ್ತು. ‘ಸಾಲ ತೀರಿಸಿದ್ದೇವಲ್ಲ, ಆ ಹಕ್ಕು ಬಿಟ್ಟುಬಿಡಿ’ ಅಂತ ಕಂಪನಿ ಕೇಳಿತು. ಸರ್ಕಾರ ಬಿಡಲಿಲ್ಲ, ಹರಾಜಿಗಿಟ್ಟಿತು. ಕೊನೆಗೆ ಕ್ರೈಸ್ಲರ್ ಕಂಪನಿಯೇ 31 ಕೋಟಿ ಡಾಲರ್‌ಗೆ ಅದನ್ನು ಕೊಂಡುಕೊಳ್ಳಬೇಕಾಯಿತು. ಕಷ್ಟ ನಮ್ಮದು ಸುಖ ನಿಮ್ಮದು ಅನ್ನುವ ಲೆಕ್ಕ ಅಲ್ಲಿ ನಡೆಯಲಿಲ್ಲ. ಅದೇ ಕಂಪನಿ 2009ರಲ್ಲಿ ಮತ್ತೆ ದಿವಾಳಿ ಎದ್ದು ಮತ್ತೆ ಸರ್ಕಾರದ ಬಾಗಿಲಿಗೆ ಬಂತು ಅನ್ನುವುದನ್ನೂ ಹೇಳಿಬಿಡಬೇಕು. ಒಮ್ಮೆ ಉಳಿಸಿದವರು ಎರಡನೇ ಸಲವೂ ಉಳಿಸಿಯಾರು ಅಂತ ನಂಬಿಕೆ ಹುಟ್ಟಿಬಿಡುತ್ತದೆ. ಆ ಭಯ ಹೇಳುವವರ ಮಾತಿನಲ್ಲೂ ಹುರುಳಿದೆ.

ಇನ್ನೊಂದು ಕಡೆ ಜಪಾನ್ ಏರ್‌ಲೈನ್ಸ್. 2010ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಸರ್ಕಾರದ ಬೆಂಬಲದ ಒಂದು ನಿಧಿ 35,000 ಕೋಟಿ ಯೆನ್ ಹಾಕಿತು. ಅದರ ಜೊತೆಗೇ ಏನೇನಾಯಿತು ನೋಡಿ. ಹಳೇ ಷೇರುದಾರರ ಷೇರು ಸೊನ್ನೆ ಆಯಿತು. ಬ್ಯಾಂಕುಗಳು ದೊಡ್ಡ ಮೊತ್ತ ಬಿಟ್ಟುಕೊಟ್ಟವು. ನಿವೃತ್ತರ ಪಿಂಚಣಿಗೂ ಕತ್ತರಿ ಬಿತ್ತು. ಮೂರರಲ್ಲಿ ಒಬ್ಬರ ಹಾಗೆ, ಸುಮಾರು 16,000 ಜನರ ಕೆಲಸ ಹೋಯಿತು. ಇದನ್ನು ಓದುವಾಗ ಹೊಟ್ಟೆ ಚುರ್ ಅನ್ನುತ್ತದೆ, ನಾನೂ ನಿವೃತ್ತನೇ. ಕಜುವೊ ಇನಮೋರಿ ಅನ್ನುವ 78 ವರ್ಷದ ಉದ್ಯಮಿ ಸಂಬಳ ಇಲ್ಲದೆ ಅಧ್ಯಕ್ಷರಾಗಿ ಬಂದರು. ಪ್ರತಿ ವಿಮಾನದ ಪ್ರತಿ ಹಾರಾಟಕ್ಕೂ ಖರ್ಚು ಎಷ್ಟು, ಗಳಿಕೆ ಎಷ್ಟು ಅಂತ ಲೆಕ್ಕ ಬರೆಸಿದರು. ಅಕೌಂಟ್ಸ್‌ನವನಾಗಿ ಹೇಳುತ್ತೇನೆ, ಇದು ಎಷ್ಟು ಸಣ್ಣ ವಿಷಯ ಅನ್ನಿಸುತ್ತದೋ ಅಷ್ಟೇ ದೊಡ್ಡದು. ನಮ್ಮಲ್ಲಿ ಯಾವ ಬಿಡಿಭಾಗದಲ್ಲಿ ಲಾಭ, ಯಾವುದರಲ್ಲಿ ನಷ್ಟ ಅಂತ ಕೊನೆಯವರೆಗೂ ಯಾರಿಗೂ ಖಚಿತ ಗೊತ್ತಿರಲಿಲ್ಲ. 2012ರ ಸೆಪ್ಟೆಂಬರ್‌ನಲ್ಲಿ ಆ ವಿಮಾನ ಕಂಪನಿ ಮತ್ತೆ ಷೇರು ಮಾರುಕಟ್ಟೆಗೆ ಬಂತು. ನಿಧಿ ತನ್ನ ಷೇರು ಮಾರಿ ಸುಮಾರು 66,300 ಕೋಟಿ ಯೆನ್ ವಾಪಸ್ ಪಡೆಯಿತು.

ವಿಮಾನ ಹಾರುತ್ತಲೇ ಇತ್ತು. ಮಾಲೀಕತ್ವ ಸತ್ತು ಹೋಗಿತ್ತು. ಇವೆರಡೂ ಒಟ್ಟಿಗೆ ಆಗಬಹುದು ಅನ್ನುವುದೇ ನಮ್ಮಲ್ಲಿ ಜಾಸ್ತಿ ಜನಕ್ಕೆ ಹೊಳೆಯುವುದಿಲ್ಲ. ಕಾರ್ಖಾನೆ ಬೇರೆ, ಕಂಪನಿ ಬೇರೆ, ಕಂಪನಿಯ ಮಾಲೀಕ ಬೇರೆ. ಯಂತ್ರ, ಕೆಲಸ ಗೊತ್ತಿರುವ ಕೈಗಳು, ಆರ್ಡರ್ ಕೊಡುವ ಗ್ರಾಹಕರು, ಇವು ಉಳಿಯಬೇಕಾದವು. ಷೇರು ಪತ್ರ ಉಳಿಯಬೇಕು ಅಂತ ಎಲ್ಲೂ ಬರೆದಿಲ್ಲ. 1971ರಲ್ಲಿ ಬ್ರಿಟನ್ನಿನ ರೋಲ್ಸ್ ರಾಯ್ಸ್ ಒಂದು ವಿಮಾನದ ಎಂಜಿನ್ ಮಾಡಲು ಹೋಗಿ ಮುಳುಗಿತು. ‘ಕುಂಟುವ ಕಂಪನಿಗಳಿಗೆ ನಾವು ಊರುಗೋಲು ಆಗುವುದಿಲ್ಲ’ ಅನ್ನುವ ಧೋರಣೆಯಲ್ಲಿ ಗೆದ್ದು ಬಂದಿದ್ದ ಪ್ರಧಾನಿ ಎಡ್ವರ್ಡ್ ಹೀತ್ ಸರ್ಕಾರವೇ ಅದರ ಎಂಜಿನ್ ವಿಭಾಗವನ್ನು ಕೊಂಡಿತು. ಕಂಪನಿಗೆ ದಾನ ಕೊಡಲಿಲ್ಲ, ದಿವಾಳಿ ಆಗಲು ಬಿಟ್ಟು ಬೇಕಾದದ್ದನ್ನು ಕೊಂಡಿತು. ಕಾರಿನ ವಿಭಾಗ ಬೇರೆಯಾಗಿ ಹೋಯಿತು. 1987ರಲ್ಲಿ ಎಂಜಿನ್ ಕಂಪನಿಯನ್ನು ಮತ್ತೆ ಖಾಸಗಿಯವರಿಗೆ ಮಾರಿದರು. ಇಂದಿಗೂ ಆ ಎಂಜಿನ್‌ಗಳು ಹಾರುತ್ತಿವೆ.

ಬ್ಯಾಂಕುಗಳ ವಿಷಯ ಬಂದಾಗ ಮಾತ್ರ ನನ್ನ ಧೈರ್ಯ ಸ್ವಲ್ಪ ಕುಗ್ಗುತ್ತದೆ. ಬಿಡಿಭಾಗದ ಕಂಪನಿ ಮುಚ್ಚಿದರೆ ಪಕ್ಕದ ಬಿಡಿಭಾಗದ ಕಂಪನಿಗೆ ಆರ್ಡರ್ ಜಾಸ್ತಿ ಬರುತ್ತದೆ. ಒಂದು ಬ್ಯಾಂಕು ಮುಚ್ಚಿದರೆ ಪಕ್ಕದ ಬ್ಯಾಂಕಿನ ಮುಂದೆ ಸಾಲು ನಿಲ್ಲುತ್ತದೆ. 2008ರ ಸೆಪ್ಟೆಂಬರ್ 15ರಂದು ಅಮೆರಿಕ ಲೇಮನ್ ಬ್ರದರ್ಸ್ ಬ್ಯಾಂಕನ್ನು ಮುಳುಗಲು ಬಿಟ್ಟಿತು. ಮಾರನೇ ದಿನವೇ ಎಐಜಿ ವಿಮಾ ಕಂಪನಿಗೆ 8,500 ಕೋಟಿ ಡಾಲರ್ ಸಾಲ ಕೊಟ್ಟಿತು. ಒಂದೇ ರಾತ್ರಿಯಲ್ಲಿ ಸಿದ್ಧಾಂತ ಬದಲಾಯಿತಾ ಅಂತ ಜನ ನಕ್ಕರು. ನಗುವುದು ಸುಲಭ. ಲೇಮನ್ ಬಿದ್ದಮೇಲೆ ಬ್ಯಾಂಕುಗಳು ಒಂದನ್ನೊಂದು ನಂಬದೆ ಸಾಲ ಕೊಡುವುದನ್ನೇ ನಿಲ್ಲಿಸಿದ್ದವು. ಎಐಜಿ ಕೂಡ ಬಿದ್ದಿದ್ದರೆ ಏನಾಗುತ್ತಿತ್ತೋ, ಪರೀಕ್ಷೆ ಮಾಡಿ ನೋಡುವ ವಿಷಯ ಅಲ್ಲ ಅದು.

ಆದರೆ ಅಲ್ಲೂ ಪಟ್ಟಿ ನೋಡಿ. ಸರ್ಕಾರ ಎಐಜಿಯ 79.9 ಶೇಕಡಾ ಪಾಲು ತೆಗೆದುಕೊಂಡಿತು, ಅದು ಸರಿ. ಸಹಾಯದ ಮೊತ್ತ ಬೆಳೆಯುತ್ತಾ 18,200 ಕೋಟಿ ಡಾಲರ್ ತನಕ ಹೋಯಿತು. ಅದರಲ್ಲಿ ದೊಡ್ಡ ಪಾಲು ಎಐಜಿಯಲ್ಲಿ ನಿಲ್ಲಲೇ ಇಲ್ಲ. ಸಾಲ ವಾಪಸ್ ಬರದಿದ್ದರೆ ನೀವು ತುಂಬಿಕೊಡಿ ಅಂತ ಅದರ ಹತ್ತಿರ ವಿಮೆ ಮಾಡಿಸಿದ್ದ ಗೋಲ್ಡ್‌ಮನ್ ಸ್ಯಾಕ್ಸ್, ಸೊಸೈಟಿ ಜನರಾಲ್ ಮುಂತಾದ ದೊಡ್ಡ ಬ್ಯಾಂಕುಗಳಿಗೆ ಒಂದು ಪೈಸೆ ಕಡಿತ ಇಲ್ಲದೆ ಹರಿದು ಹೋಯಿತು. ದಿವಾಳಿ ಆಗಿದ್ದರೆ ಅವರಿಗೆ ಅಷ್ಟು ಸಿಗುತ್ತಿತ್ತಾ? ಚೌಕಾಸಿ ಕೂಡ ಸರಿಯಾಗಿ ನಡೆಯಲಿಲ್ಲ. ಹಾಗೆ ಹಣ ಪಡೆದವರ ಹೆಸರು ಜನಕ್ಕೆ ಗೊತ್ತಾಗಲು ಆರು ತಿಂಗಳು ಬೇಕಾಯಿತು, ಅದೂ ಒತ್ತಡ ಬಂದಮೇಲೆ, 2009ರ ಮಾರ್ಚ್‌ನಲ್ಲಿ. ಅದೇ ತಿಂಗಳು, ಕಂಪನಿಯನ್ನು ಮುಳುಗಿಸಿದ್ದ ವಿಭಾಗದವರಿಗೇ 16.5 ಕೋಟಿ ಡಾಲರ್ ಬೋನಸ್ ಕೊಟ್ಟ ಸುದ್ದಿಯೂ ಬಂತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

‘ಕೊನೆಗೆ ಸರ್ಕಾರಕ್ಕೆ ಎಐಜಿಯಿಂದ ಲಾಭವೇ ಆಯಿತಲ್ಲ’ ಅಂತ ಕೆಲವರು ಹೇಳುತ್ತಾರೆ. ಹೌದು, 2,270 ಕೋಟಿ ಡಾಲರ್ ಜಾಸ್ತಿಯೇ ವಾಪಸ್ ಬಂತು ಅಂತ ಸರ್ಕಾರದ ಲೆಕ್ಕ. ಅದೇ ಹೊತ್ತಿನಲ್ಲಿ ಉಳಿಸಿದ ಜನರಲ್ ಮೋಟರ್ಸ್‌ನಲ್ಲಿ ಸಾವಿರ ಕೋಟಿ ಡಾಲರ್‌ಗೂ ಮಿಕ್ಕಿ ನಷ್ಟ ಆಯಿತು. ಬ್ರಿಟನ್ 2008 ಮತ್ತು 2009ರಲ್ಲಿ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್‌ಗೆ 4,550 ಕೋಟಿ ಪೌಂಡ್ ಹಾಕಿತು. ಕೊನೆಯ ಷೇರು ಮಾರಿ ಕೈತೊಳೆದುಕೊಂಡದ್ದು 2025ರ ಮೇ ತಿಂಗಳಲ್ಲಿ, ಸುಮಾರು 1,050 ಕೋಟಿ ಪೌಂಡ್ ನಷ್ಟದಲ್ಲಿ. ಹದಿನಾರು ಹದಿನೇಳು ವರ್ಷ! ಲಾಭ ನಷ್ಟದ ಈ ಲೆಕ್ಕವೇ ಪೂರ್ತಿ ಲೆಕ್ಕ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಬೆಂಕಿ ಆರಿಸಲು ಸುರಿದ ನೀರಿಗೆ ಬಿಲ್ ಹಾಕಿ ಲಾಭ ಬಂತಾ ಅಂತ ಯಾರೂ ಕೇಳಲ್ಲ. ಆದರೆ ಬೆಂಕಿ ಹಚ್ಚಿದವನಿಗೇ ಪರಿಹಾರ ಕೊಟ್ಟರಾ ಅಂತ ಕೇಳಲೇಬೇಕು.

ಪಟ್ಟಿಗೂ ಒಂದು ಕ್ರಮ ಇದೆ. ಕಂಪನಿ ಮುಳುಗಿದರೆ ಮೊದಲು ಷೇರುದಾರ ಕಳೆದುಕೊಳ್ಳಬೇಕು, ಆಮೇಲೆ ಸಾಲ ಕೊಟ್ಟವರು. ಇದು ಎಲ್ಲ ಕಡೆಯ ಮಾಮೂಲಿ ನಿಯಮ. ಲಾಭ ಬಂದಾಗ ಮಿತಿಯಿಲ್ಲದೆ ತಿನ್ನುವವನು ಷೇರುದಾರ, ಹಾಗಾಗಿ ಪೆಟ್ಟೂ ಅವನಿಗೇ ಮೊದಲು. ತರಾತುರಿಯಲ್ಲಿ ಉಳಿಸಲು ಹೊರಟಾಗ ಈ ಕ್ರಮವೇ ತಲೆಕೆಳಗಾಗುತ್ತದೆ. 2023ರ ಮಾರ್ಚ್‌ನಲ್ಲಿ ಸ್ವಿಟ್ಜರ್ಲೆಂಡಿನ ಕ್ರೆಡಿಟ್ ಸ್ವಿಸ್ ಬ್ಯಾಂಕನ್ನು ಅಲ್ಲಿಯದೇ ಯುಬಿಎಸ್ ಬ್ಯಾಂಕಿನ ಜೊತೆ ಸೇರಿಸಿದಾಗ ಷೇರುದಾರರಿಗೆ 300 ಕೋಟಿ ಫ್ರಾಂಕ್ ಸಿಕ್ಕಿತು. ಒಂದು ಬಗೆಯ ಬಾಂಡ್ ಕೊಂಡವರ, ಅಂದರೆ ಬ್ಯಾಂಕಿಗೇ ಸಾಲ ಕೊಟ್ಟವರ, 1,600 ಕೋಟಿ ಫ್ರಾಂಕ್ ಮಾತ್ರ ಸೊನ್ನೆ. ನಮ್ಮ ಯೆಸ್ ಬ್ಯಾಂಕಿನಲ್ಲೂ 2020ರಲ್ಲಿ ಅದೇ ಬಗೆಯ 8,415 ಕೋಟಿ ರೂಪಾಯಿ ಬಾಂಡ್ ಸೊನ್ನೆಯಾಯಿತು, ಷೇರು ಬದುಕಿತು. ಆ ಬಾಂಡ್‌ಗಳ ಕರಾರಿನಲ್ಲೇ ಹಾಗಿತ್ತು ಅಂತ ವಾದ ಇದೆ, ಎರಡೂ ಕಡೆ ಜಗಳ ಕೋರ್ಟಿಗೆ ಹೋಯಿತು. ನಾನು ವಕೀಲ ಅಲ್ಲ. ಪಟ್ಟಿ ಬರೆದವನ ಕಣ್ಣಿಗೆ, ಹಣ ಪಡೆಯುವ ಸಾಲಿನಲ್ಲಿ ಕೊನೆಗೆ ನಿಲ್ಲಬೇಕಾದ ಷೇರುದಾರ ಮುಂದಕ್ಕೆ ಹಾರಿದ ಹಾಗೆ ಕಾಣುತ್ತದೆ.

ಉಳಿಸದೇ ಬಿಟ್ಟರೆ ಎಲ್ಲ ಸರಿ ಹೋಗುತ್ತದೆ ಅನ್ನುವವರಿಗೆ ಬ್ರಿಟನ್ನಿನ ಕ್ಯಾರಿಲಿಯನ್ ಕಂಪನಿಯನ್ನು ತೋರಿಸುತ್ತೇನೆ. ಆಸ್ಪತ್ರೆ ಕಟ್ಟುವುದು, ಶಾಲೆ ನೋಡಿಕೊಳ್ಳುವುದು, ಹೀಗೆ ಸರ್ಕಾರದ ಗುತ್ತಿಗೆಗಳ ಮೇಲೆ ಬದುಕಿದ್ದ ದೊಡ್ಡ ಕಂಪನಿ. ಸಣ್ಣ ಸಪ್ಲೈಯರ್‌ಗಳಿಗೆ 120 ದಿನ ಕಾಯಿಸುತ್ತಿತ್ತು. 2017ರ ಜೂನ್‌ನಲ್ಲಿ ಷೇರುದಾರರಿಗೆ ಸುಮಾರು 5.5 ಕೋಟಿ ಪೌಂಡ್ ಡಿವಿಡೆಂಡ್, ಅಂದರೆ ಲಾಭದ ಪಾಲು, ಹಂಚಿತು. ಜುಲೈನಲ್ಲಿ, ಅಂದರೆ ಒಂದೇ ತಿಂಗಳಿಗೆ, ಗುತ್ತಿಗೆಗಳಿಂದ ಬರುತ್ತದೆ ಅಂದುಕೊಂಡಿದ್ದರಲ್ಲಿ 84.5 ಕೋಟಿ ಪೌಂಡ್ ಕೈಬಿಡಬೇಕಾಗಿದೆ ಅಂತ ಹೇಳಿತು. 2018ರ ಜನವರಿಯಲ್ಲಿ ಬಾಗಿಲು ಹಾಕಿದಾಗ ಕೈಯಲ್ಲಿದ್ದದ್ದು 2.9 ಕೋಟಿ ಪೌಂಡ್, ತಲೆಯ ಮೇಲಿದ್ದ ಹೊರೆ 700 ಕೋಟಿಯ ಹತ್ತಿರ. ಕಂಪನಿ ಉಳಿಸಲು ಸರ್ಕಾರ ಹಣ (ಬೇಲ್‌ಔಟ್) ಕೊಡಲಿಲ್ಲ. ಶಭಾಷ್ ಅನ್ನಬೇಕು. ಶಾಲೆ ಆಸ್ಪತ್ರೆಗಳ ಕೆಲಸ ನಿಲ್ಲದ ಹಾಗೆ ಹಣ ಕೊಟ್ಟು ನಡೆಸಿತು, ಅದಕ್ಕೂ ಶಭಾಷ್. ಆದರೆ 30,000ದಷ್ಟು ಸಪ್ಲೈಯರ್‌ಗಳು ಬಾಕಿಗೆ ನಾಮ ಹಾಕಿಸಿಕೊಂಡರು. ಅವರಲ್ಲಿ ಎಷ್ಟು ಜನ ಯಾವ ಬೆಂಚಿನ ಮೇಲೆ ಕೂತಿದ್ದರೋ.

ಅಂದರೆ ಮುಳುಗಲು ಬಿಟ್ಟರೂ ಪಟ್ಟಿಯ ಕೆಳಗಿದ್ದವರು ಕೆಳಗೇ, ಉಳಿಸಿದರೂ ಕೆಳಗೇ.

ಒಂದು ಪೈಸೆ ಕೊಡದೆ ಉಳಿಸಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ. 2009ರ ಜನವರಿ 7ರಂದು ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು, ಲೆಕ್ಕದಲ್ಲಿ ಸುಳ್ಳು ಬರೆದಿದ್ದೇವೆ ಅಂತ ತಾವೇ ಪತ್ರ ಬರೆದರು. ಇಲ್ಲದ ಹಣವನ್ನು ಬ್ಯಾಂಕಿನಲ್ಲಿದೆ ಅಂತ ತೋರಿಸಿದ್ದರು. ಸುಮಾರು 50,000 ಜನ ಕೆಲಸ ಮಾಡುವ ಕಂಪನಿ. ಕೇಂದ್ರ ಸರ್ಕಾರ ಎರಡು ಮೂರು ದಿನದಲ್ಲಿ ಹಳೇ ಆಡಳಿತ ಮಂಡಳಿಯನ್ನು ಕಿತ್ತುಹಾಕಿ ಉದ್ಯಮದಲ್ಲಿ ಹೆಸರು ಮಾಡಿದ್ದ ದೀಪಕ್ ಪಾರೇಖ್, ಕಿರಣ್ ಕಾರ್ಣಿಕ್ ಮುಂತಾದವರನ್ನು ಕೂರಿಸಿತು. ಖಜಾನೆ ಬಿಚ್ಚಲಿಲ್ಲ. ಹೊಸ ಮಂಡಳಿ ಬ್ಯಾಂಕುಗಳಿಂದ ಸಾಲ ಎತ್ತಿ ಸಂಬಳ ಕೊಟ್ಟಿತು, ಗ್ರಾಹಕರನ್ನು ಹಿಡಿದಿಟ್ಟುಕೊಂಡಿತು, ಏಪ್ರಿಲ್‌ನಲ್ಲಿ ಹರಾಜು ಹಾಕಿತು. ಷೇರಿಗೆ 58 ರೂಪಾಯಿ ಕೂಗಿ ಟೆಕ್ ಮಹೀಂದ್ರ ಕೊಂಡಿತು. ನೂರು ದಿನದೊಳಗೆ ಮುಗಿದ ಕೆಲಸ. ಅಲ್ಲಿ ಆರ್ಡರ್ ಇತ್ತು, ಕೆಲಸ ಗೊತ್ತಿರುವ ಜನ ಇದ್ದರು, ನಂಬಿಕೆ ಮಾತ್ರ ಇರಲಿಲ್ಲ. ಸರ್ಕಾರ ಆ ಒಂದನ್ನು ಕೊಟ್ಟಿತು. ಮಾಡುವ ಮಾಲಿಗೇ ಬೇಡಿಕೆ ಇಲ್ಲದಿದ್ದರೆ ಈ ಉಪಾಯ ನಡೆಯುವುದಿಲ್ಲ, ಒಪ್ಪುತ್ತೇನೆ. ಆದರೆ ಬೇಡಿಕೆಯೇ ಇಲ್ಲದ ಕಡೆ ದುಡ್ಡು ಸುರಿದರೆ ಅದು ನಡೆಯುತ್ತದೆಯೇ?

ಹಾಗಿದ್ದರೆ ಕೆಲಸದವರು? ‘ಅನ್ನದ ಪ್ರಶ್ನೆ’ ಅಂತ ಬರೆದ ಓದುಗರಿಗೆ ನನ್ನ ಉತ್ತರ: ಅನ್ನದ ಪ್ರಶ್ನೆ ಆದರೆ ಅನ್ನಕ್ಕೇ ಕೊಡಿ. ಜರ್ಮನಿಯಲ್ಲಿ ಕಂಪನಿ ದಿವಾಳಿಯಾದರೆ ಮೂರು ತಿಂಗಳವರೆಗಿನ ಬಾಕಿ ಸಂಬಳವನ್ನು ಸರ್ಕಾರಿ ಉದ್ಯೋಗ ಸಂಸ್ಥೆ ನೇರ ನೌಕರನಿಗೆ ಕೊಡುತ್ತದೆ. ಅದಕ್ಕೆ ಎಲ್ಲ ಕಂಪನಿಗಳಿಂದ ಮೊದಲೇ ವಂತಿಗೆ ವಸೂಲಿ ಮಾಡಿರುತ್ತಾರೆ. ಕೆಲಸ ಕಡಿಮೆಯಾದಾಗ ನೌಕರರನ್ನು ತೆಗೆಯದೆ ಗಂಟೆ ಕಡಿಮೆ ಮಾಡಿದರೆ, ಕಳೆದುಕೊಂಡ ಸಂಬಳದಲ್ಲಿ 60 ಶೇಕಡಾ, ಮಕ್ಕಳಿದ್ದರೆ 67 ಶೇಕಡಾ ತುಂಬಿಕೊಡುವ ಪದ್ಧತಿಯೂ ಇದೆ. 2020ರಲ್ಲಿ ಕೊರೊನಾ ಬಂದಾಗ ಲಕ್ಷಾಂತರ ಜನ ಅದರಿಂದ ಬಚಾವಾದರು. ಈ ಹಣ ಮಾಲೀಕನ ಖಾತೆಯಲ್ಲಿ ರಾತ್ರಿ ಕಳೆದು, ಬ್ಯಾಂಕಿನ ಬಡ್ಡಿಗೆ ಸೋರಿ, ಉಳಿದರೆ ಸಂಬಳ ಅನ್ನುವ ಹಾಗೆ ಬರುವುದಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಸರ್ಕಾರ ಯಾವ ಖಾಸಗಿ ಕಂಪನಿಗಾದರೂ ಸಾಲ, ಖಾತರಿ, ತೆರಿಗೆ ಮುಂದೂಡಿಕೆ, ಏನು ಹೆಸರಿನಲ್ಲಿ ಸಹಾಯ ಕೊಟ್ಟರೂ, ಮೊದಲ ಮೂರು ತಿಂಗಳು ಆ ಹಣ ಯಾರ್ಯಾರಿಗೆ ಎಷ್ಟೆಷ್ಟು ಹೋಗುತ್ತದೆ ಅನ್ನುವ ಪಟ್ಟಿಯನ್ನು ಸಹಿ ಹಾಕುವ ಮುಂಚೆ ಪ್ರಕಟಿಸಬೇಕು. ಪಟ್ಟಿ ಇಲ್ಲ ಅಂತ ಯಾವ ಕಂಪನಿಯೂ ಹೇಳುವಂತಿಲ್ಲ. ಇರುತ್ತದೆ, ನನ್ನಂಥ ಒಬ್ಬನ ಮೇಜಿನ ಮೇಲೆ ಸೋಮವಾರ ಬೆಳಗ್ಗೆ ಇದ್ದೇ ಇರುತ್ತದೆ. ಅದರಲ್ಲಿ ಮಾಲೀಕರ ಹೆಸರು, ಅವರ ಬೇರೆ ಕಂಪನಿಗಳ ಹೆಸರು ಇದ್ದರೆ ಅಲ್ಲಿಗೇ ನಿಲ್ಲಿಸಬೇಕು. ಬ್ಯಾಂಕು ಮೊದಲ ಸಾಲಿನಲ್ಲಿ ಇದ್ದರೆ, ‘ನೀವು ಎಷ್ಟು ಬಿಡುತ್ತೀರಿ’ ಅಂತ ಕೇಳಬೇಕು. ಹಳೇ ಷೇರು ಸೊನ್ನೆ ಆಗಿ, ಹೊಸ ಷೇರು ಸರ್ಕಾರದ ಹೆಸರಿಗೆ ಬಂದಮೇಲೆ ದುಡ್ಡು. ‘ಹಾಗೆ ಕರಾರು ಹಾಕಿದರೆ ಯಾವ ಮಾಲೀಕನೂ ಸಹಾಯ ಕೇಳಲು ಬರುವುದಿಲ್ಲ’ ಅಂತ ನನ್ನ ಹಳೇ ಸಹೋದ್ಯೋಗಿಯೊಬ್ಬರು ವಾದಿಸಿದರು. ಬರದಿದ್ದರೆ ಬೇಡ. ಬೇರೆ ದಾರಿ ಇರುವವರು ಬರುವುದಿಲ್ಲ ಅಂತ ಅರ್ಥ ಅಲ್ವಾ?

ಕಂಪನಿ ಮುಚ್ಚಿ ಎರಡು ವರ್ಷಕ್ಕೆ, ಮುಚ್ಚಿದ ಕಂಪನಿಯ ಆಸ್ತಿ ಮಾರಿ ಬಾಕಿ ಹಂಚುವ ಲಿಕ್ವಿಡೇಟರ್ ಆಫೀಸಿಗೆ ಹೋಗಿದ್ದೆ, ನನ್ನ ಗ್ರಾಚ್ಯುಟಿ ಬಾಕಿ ಏನಾಯಿತು ಅಂತ ನೋಡಲು. ಬಾಕಿ ಕೇಳಿ ಅರ್ಜಿ ಹಾಕಿದವರ ಹೆಸರನ್ನು ಅರ್ಜಿ ಬಂದ ಕ್ರಮದಲ್ಲಿ ಟೈಪ್ ಮಾಡಿ ಗೋಡೆಗೆ ಅಂಟಿಸಿದ್ದರು. ಪೆಟ್ಟಿಗೆಯವರ ಹೆಸರು 212, ನನ್ನದು 219. ಹೊರಗೆ ಬಂದು ಅವರಿಗೆ ಫೋನ್ ಮಾಡಿದೆ. ಎಷ್ಟೋ ದಿನವಾಗಿತ್ತು ಮಾತಾಡಿ, ಆದರೂ ದನಿ ಗುರುತು ಹಿಡಿದರು. ‘ಸಾರ್, ನಂದು ಎಷ್ಟನೇ ನಂಬರ್?’ ಅಂದರು, ತಮಾಷೆಗೆ. ಹೇಳಿದೆ. ನನ್ನದನ್ನೂ ಹೇಳಿದೆ. ‘ಹಂಗಾದ್ರೆ ಈ ಸಲ ನೀವು ನನ್ನ ಹಿಂದೆ ನಿಂತಿದ್ದೀರಾ’ ಅಂತ ನಕ್ಕರು.

ಇಂತಿ,
ಅಕೌಂಟ್ಸ್ ವಿಭಾಗದ ಒಬ್ಬ ನಿವೃತ್ತ ನೌಕರ
ಹೆಸರು ಪ್ರಕಟಿಸಬೇಡಿ ಅಂತ ಕೋರಿಕೆ